ಗಾಳಿ ಸಭೆಗೆ ದೊಡ್ಡವ್ವ ಕೇಳಿದ ದೇಣಿಗೆ

ಷಟರ್ ಕೆಳಗೆ ಬಂದಾಗ ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ. ಅಂದಾಜಿನ ಮಾತಲ್ಲ. ಅದೇ ಕ್ಷಣಕ್ಕೆ ನಮ್ಮ ಆಫೀಸಿನ ಡ್ರೈವರ್ ‘ಗೇಟಿಗೆ ಬಂದ್ವಿ’ ಎಂದು ಮೊಬೈಲಿಗೆ ಕಳಿಸಿದ್ದ. ಅದನ್ನು ಓದುತ್ತಿದ್ದಾಗ ಮೊಬೈಲಿನ ಬೆಳಕೊಂದು ಉಳಿದು ಸುತ್ತಲಿನದೆಲ್ಲ ಕತ್ತಲಾಯಿತು. ಬ್ಯಾಡಗಿಯ ಆ ಹಿಂದಿನ ಷೆಡ್ಡಿನಲ್ಲಿ ನಾವು ಹದಿನೈದಿಪ್ಪತ್ತು ಹೆಂಗಸರಿದ್ದೆವು. ನಡುವೆ ಒಣಮೆಣಸಿನಕಾಯಿಯ ರಾಶಿ, ಷಟರಿನ ಒಳಮಗ್ಗುಲಿಗೆ ಕೆಂಡದ ಬುಟ್ಟಿ. ಯಾರಿಗೂ ಗಾಬರಿಯಾಗಲಿಲ್ಲ. ಯಾರೋ ನಕ್ಕರು ಕೂಡ.

ಆ ನಗುವಿನಿಂದಲೇ ನನಗೆ ಪ್ರತಿ ಸಲ ಎಲ್ಲವೂ ಮತ್ತೆ ಶುರುವಾಗುತ್ತದೆ. ರಾಣೇಬೆನ್ನೂರಿನ ಪೇಟೆಯಲ್ಲಿ ಸಂಜೆ ಅಂಗಡಿಗಳವರು ಷಟರ್ ಎಳೆಯುವ ಹೊತ್ತಿಗೆ ನಾನು ಇನ್ನೂ ರಸ್ತೆಯಲ್ಲಿದ್ದರೆ, ಕಾಲುಗಳು ತಾವಾಗಿಯೇ ನಿಲ್ಲುತ್ತವೆ. ಮೊದಲು ಆ ನಗು. ಆಮೇಲೆ ಕೆಮ್ಮು. ಆಮೇಲೆ ದೊಡ್ಡವ್ವ ಎದ್ದು ನಿಂತದ್ದು.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಗಂಡ ಬೇಗ ತೀರಿಕೊಂಡ, ಮಕ್ಕಳಿಲ್ಲ. ನಮ್ಮ ಊರು ಕುಪ್ಪೇಲೂರಿನಿಂದ ನಾನು ಕಾಲೇಜಿಗೆಂದು ರಾಣೇಬೆನ್ನೂರಿಗೆ ಬಂದಾಗ, ಹುಡುಗಿಯೊಬ್ಬಳನ್ನೇ ಬಾಡಿಗೆ ಮನೆಯಲ್ಲಿ ಬಿಡುವುದು ಹೇಗೆ ಎಂದು ಅಪ್ಪ ಅನುಮಾನಿಸುತ್ತಿದ್ದರೆ, ಅವಳು ತನ್ನ ಟ್ರಂಕು ಹೊತ್ತು ನನ್ನ ಜೊತೆ ಬಸ್ಸು ಹತ್ತಿದಳು. ನಾನು ತರಗತಿಗೆ ಹೋದ ಮೇಲೆ ಮನೆಯಲ್ಲಿ ಕೂತು ಬೇಸರ ಎಂದು ಬ್ಯಾಡಗಿಗೆ ಹೋಗುವ ಟೆಂಪೋ ಹಿಡಿದಳು. ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ. ನಾನು ಬಿ.ಎಸ್ಸಿ. ಮುಗಿಸಿದೆ, ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದೆ, ಹಾವೇರಿಯಲ್ಲಿ ಸರ್ಕಾರದ ಒಂದು ಸಂಸ್ಥೆಯಲ್ಲಿ ಗುತ್ತಿಗೆ ಮೇಲೆ ಗಾಳಿಯ ಧೂಳು ಅಳೆಯುವ ಕೆಲಸಕ್ಕೆ ಸೇರಿದೆ. ಅವಳು ತೊಟ್ಟು ಮುರಿಯುವುದನ್ನು ಬಿಡಲಿಲ್ಲ. ಸಂಜೆ ಮನೆಗೆ ಬಂದರೆ ಸೀರೆಯ ನೆರಿಗೆಯಿಂದ ಕೆಂಪು ಪುಡಿ ಉದುರುತ್ತಿತ್ತು. ಕೈ ತೊಳೆದು ತೊಳೆದು ಹಿಟ್ಟು ಕಲೆಸಿದರೂ ನನ್ನ ರೊಟ್ಟಿ ಸಣ್ಣಗೆ ಖಾರ ಇರುತ್ತಿತ್ತು. ಕೆಮ್ಮು ಆಗಲೇ ಇತ್ತು. ಬಿಡು ಅಂದರೆ, “ನೀ ಬರೇ ಗಾಳಿ ಅಳಿತಿ, ಪಗಾರ ತಗೋತಿ. ನಾ ಗಾಳಿ ತಿಂತೇನಿ, ಪಗಾರ ತಗೋತೇನಿ. ಇಬ್ರದೂ ಒಂದ ಧಂದೆ” ಅನ್ನುತ್ತಿದ್ದಳು.

ಆ ವರ್ಷ ನಮ್ಮ ಆಫೀಸಿಗೆ ಒಂದು ದಿನದ ವಿಚಾರ ಸಂಕಿರಣ ಮಾಡಲು ಮೇಲಿನಿಂದ ಆದೇಶ ಬಂತು: ವಾಯುಮಾಲಿನ್ಯ ಮತ್ತು ಆರೋಗ್ಯ. ಆದೇಶ ಪೂರ್ತಿ ಬಂತು, ಹಣ ಅರ್ಧ ಬಂತು. ನಮ್ಮ ಸಾಹೇಬರು ಧಾರವಾಡದ ಕಡೆಯವರು, ಒಳ್ಳೆಯವರು, ನಿವೃತ್ತಿಗೆ ಹತ್ತಿರವಿದ್ದರು. ಟೇಬಲ್ಲಿನ ಮೇಲೆ ಕಾಗದವನ್ನು ನನ್ನ ಕಡೆ ತಿರುಗಿಸಿ ಇಟ್ಟರು.

“ನೋಡ್ರಿ ಮೇಡಂ, ಡಾಕ್ಟರ್ ಮಂದಿ ಹುಬ್ಬಳ್ಳಿಯಿಂದ ಬರ್ತಾರ. ಅವರಿಗೆ ಕಾರು, ಊಟ, ಹಾಲ್ ಬಾಡಿಗಿ. ಉಳಿದ ಅರ್ಧ ಸ್ಥಳೀಯವಾಗಿ ಹೊಂದಿಸಿಕೊಳ್ರಿ ಅಂತ ಬರದಾರ. ಸ್ಥಳೀಯ ಅಂದ್ರ ಯಾರ್ರಿ?”

ಸ್ಥಳೀಯ ಎಂದರೆ ಹಾವೇರಿ ಜಿಲ್ಲೆಯಲ್ಲಿ ಕೊಡುವ ಕೈ ಇರುವವರು. ರಾಣೇಬೆನ್ನೂರಿನ ಬೀಜದ ವ್ಯಾಪಾರಿಗಳು, ಹಲಗೇರಿ ರಸ್ತೆಯ ಗಿರಣಿಯವರು, ಬ್ಯಾಡಗಿಯ ಮೆಣಸಿನಕಾಯಿ ದಲಾಲರು. ಅಂದರೆ ನಾವು ಯಾರ ಅಂಗಳದಲ್ಲಿ ಧೂಳು ಅಳೆಯುತ್ತೇವೋ ಅವರೇ. ನಾನು ವಿನಂತಿ ಪತ್ರ ಬರೆದೆ, ನಾಲ್ಕಾರು ಕಡೆ ಹೋಗಿ ಕೊಟ್ಟೆ. ಎಲ್ಲರೂ ಚಹಾ ಕುಡಿಸಿದರು. ಒಬ್ಬರು ಮಾತ್ರ ನಗುತ್ತ, “ಗಣಪತಿ ಹಬ್ಬಕ್ಕ ಕೇಳ್ರಿ ಕೊಡ್ತೇನಿ, ಗಾಳಿಗೆ ಏನು ಕೊಡೂದು?” ಅಂದರು.

ಮನೆಯಲ್ಲಿ ಇದನ್ನು ಹೇಳಿಕೊಂಡು ನಕ್ಕಿದ್ದೆ. ದೊಡ್ಡವ್ವ ನಗಲಿಲ್ಲ. ಮರುದಿನ ಅವಳು ತನ್ನ ಸಾಹುಕಾರರು ತಕ್ಕಡಿಯ ಹತ್ತಿರ ನಿಂತಿದ್ದಾಗ ಎದ್ದು ಹೋಗಿ, “ಸಾಹುಕಾರ್ರ, ನಮ್ಮ ಹುಡುಗಿದೊಂದು ಗಾಳಿ ಸಭಾ ಐತಂತ್ರಿ. ಊಟಕ್ಕ ರೊಕ್ಕ ಕಮ್ಮಿ ಬಿದ್ದಾವಂತ” ಎಂದು ಎಲ್ಲರೆದುರಿಗೆ ಕೇಳಿಯೇಬಿಟ್ಟಳು. ಅಷ್ಟು ವರ್ಷಗಳಲ್ಲಿ ಅವಳು ಆ ಮನುಷ್ಯನ ಬಳಿ ತನಗಾಗಿ ಏನನ್ನೂ ಕೇಳಿದವಳಲ್ಲ. ಸಾಹುಕಾರರು ಒಪ್ಪಿದರು. ಊಟ, ಹಾಲ್ ಬಾಡಿಗೆ ಎರಡೂ ತಮ್ಮದು. ಕೇಳಿದ್ದು ಎರಡೇ: ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ತಮ್ಮ ಅಂಗಡಿಯ ಹೆಸರು, ಮತ್ತು ಸಭೆಗೆ ಮೊದಲು ಅತಿಥಿಗಳು ಬ್ಯಾಡಗಿಗೆ ಬಂದು ತಾವು ಹೊಸದಾಗಿ ಹಾಕಿಸಿದ ಧೂಳು ಹೀರುವ ಯಂತ್ರವನ್ನು ನೋಡಬೇಕು.

“ಕೊಡ್ಸಿದ್ನಿಲ್ಲೋ?” ಎಂದು ಅವತ್ತು ರೊಟ್ಟಿ ಬಡಿಯುತ್ತ ಕೇಳಿದಳು. “ನಾಳೆ ನಿಮ್ಮ ಸಾಹೇಬಗ ಹೇಳು, ನಮ್ಮ ದೊಡ್ಡವ್ವ ಕೊಡ್ಸಿದ್ಲು ಅಂತ. ತುಂಬು ಮುರಿಯಾಕಿ ಅಂತ ಹೇಳಬ್ಯಾಡ ಮತ್ತ.” ತೊಟ್ಟಿಗೆ ನಮ್ಮ ಕಡೆ ತುಂಬು ಅನ್ನುತ್ತಾರೆ.

ನಾನು ಎರಡನ್ನೂ ಹೇಳಿದೆ. ಸಾಹೇಬರು ಎದ್ದು ನಿಂತು, ಸಭೆಯ ದಿನ ಅವರನ್ನೂ ಕರೆದುಕೊಂಡು ಬನ್ನಿ, ಮುಂದಿನ ಸಾಲಿನಲ್ಲಿ ಕೂಡಿಸೋಣ ಅಂದರು. ಅದಕ್ಕೆಂದು ದೊಡ್ಡವ್ವ ಆ ದಿನ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಚೀಲದಲ್ಲಿಟ್ಟುಕೊಂಡಿದ್ದಳು. ಬೆಳಿಗ್ಗೆ ಅರ್ಧ ದಿನ ಕೆಲಸ ಮಾಡಿ, ಅಲ್ಲೇ ಸೀರೆ ಬದಲಿಸಿ ನನ್ನ ಜೊತೆ ಹಾವೇರಿಗೆ ಬರುವುದು ಅವಳ ಲೆಕ್ಕ.

ನಾನು ಅತಿಥಿಗಳಿಗಿಂತ ಮುಂಚೆ ಬ್ಯಾಡಗಿಗೆ ಹೋದೆ. ಮುಂದಿನ ಹೊಸ ಕಟ್ಟಡವನ್ನು ಗುಡಿಸಿ ತೊಳೆದು ರಂಗೋಲಿ ಹಾಕಿದ್ದರು. ಹಿಂದಿನ ಹಳೆಯ ಷೆಡ್ಡಿನಲ್ಲಿ ಎಂದಿನಂತೆ ತೊಟ್ಟು ಮುರಿಯುವ ಕೆಲಸ ನಡೆದಿತ್ತು. ನನ್ನನ್ನು ನೋಡಿ ಹೆಂಗಸರು, “ಬರ್ರಿ ಗಾಳಿ ಮೇಡಮ್ಮಾರ, ನಮ್ಮ ಕಡೆ ಗಾಳಿ ಎಷ್ಟ ಕೆ.ಜಿ. ಐತಿ ತೂಗ್ರಿ” ಎಂದು ಕಾಡಿಸಿದರು. ದೊಡ್ಡವ್ವನ ಹತ್ತಿರ ಗೋಣಿತಟ್ಟಿನ ಮೇಲೆ ಕೂತೆ.

ಅಷ್ಟರಲ್ಲಿ ಸಾಹುಕಾರರ ತಾಯಿ ಬಂದರು. ದೊಡ್ಡ ಮಂದಿ ಬರುವ ದಿನ. ಎಷ್ಟೋ ಕಣ್ಣು ಬೀಳುತ್ತವೆ. ಮೊದಲೇ ದೃಷ್ಟಿ, ನಮ್ಮ ಕಡೆಯ ಮಾತಿನಲ್ಲಿ ನದರು, ತೆಗೆಯಬೇಕು. ಹೊಸ ಕಟ್ಟಡಕ್ಕೆ ತೆಗೆದಾಗಿತ್ತು, ಮಾಲು ಇರುವ ಷೆಡ್ಡನ್ನು ಬಿಡುವುದು ಹೇಗೆ? ಆಳು ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತಂದ. ಆಕೆ ಸೆರಗಿನಲ್ಲಿ ಮೆಣಸಿನಕಾಯಿ, ಉಪ್ಪು, ಸಾಸಿವೆ ತಂದಿದ್ದರು. ಮೆಣಸಿನಕಾಯಿ ನಮ್ಮದಲ್ಲ, ಗುಂಟೂರಿನದು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಸುಟ್ಟರೆ ಅಷ್ಟು ಘಾಟು ಬರುವುದಿಲ್ಲ. ಘಾಟು ಬಾರದಿದ್ದರೆ ದೃಷ್ಟಿಯಾಗಿದೆ ಎಂದು ಅರ್ಥ. ಹಾಗಾಗಿ ಮೆಣಸಿನಕಾಯಿಯ ಪೇಟೆಯಲ್ಲಿ ದೃಷ್ಟಿ ತೆಗೆಯುವವರು ಗುಂಟೂರಿನ ಕಾಯಿಯನ್ನು ಬೇರೆ ತೆಗೆದಿಟ್ಟಿರುತ್ತಾರೆ. ಆಕೆ ರಾಶಿಗೆ ನಿವಾಳಿಸಿ ಇಳಿ ತೆಗೆದು, ನಮಗೂ ತೆಗೆದು, ಮುಷ್ಟಿಯಲ್ಲಿದ್ದುದನ್ನು ಕೆಂಡಕ್ಕೆ ಸುರಿದು ಹೊರಗೆ ಹೋದರು. ಹೊರಗೆ ಗಾಳಿ ಬೀಸುತ್ತಿತ್ತು, ಖಾಲಿ ಗೋಣಿಚೀಲಗಳ ಅಟ್ಟಿ ಅಲ್ಲೇ ಇತ್ತು, ಕಿಡಿ ಹಾರೀತು ಎಂದು ಬುಟ್ಟಿಯನ್ನು ಒಳಮಗ್ಗುಲಿಗೆ ಇರಿಸಿದ್ದರು. ಅದೂ ಜಾಗರೂಕತೆಯೇ.

ಆಗಲೇ ಕಾರುಗಳು ಗೇಟಿಗೆ ಬಂದವು. ಹಿಂದಿನ ಷೆಡ್ಡು ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಸಾಹುಕಾರರು ಅಲ್ಲಿನ ಮೇಸ್ತ್ರಿಗೆ ಹೇಳಿದ್ದರು. ಅವನು ಷಟರ್ ಎಳೆದ, ಹೊರಗಿನಿಂದ ಕೊಂಡಿ ಸಿಕ್ಕಿಸಿದ. ಧೂಳು ಎದ್ದ ದಿನ ಹೆಂಗಸರೇ ಅರ್ಧ ಎಳೆದುಕೊಂಡು ಕೂರುತ್ತಿದ್ದ ಷಟರ್ ಅದು. ಅದಕ್ಕೇ ಯಾರಿಗೂ ಗಾಬರಿಯಾಗಲಿಲ್ಲ.

ಕೆಮ್ಮು ಶುರುವಾದಾಗ ಒಬ್ಬಳು ನಗುತ್ತ ಕೂಗಿದಳು: “ಘಾಟು ಬಂತ್ರವಾ! ನದರಿಲ್ಲ, ಏನಿಲ್ಲ!” ಮತ್ತೊಬ್ಬಳು, “ನಿನ್ನ ಮಾರಿಗೆ ಯಾರ ನದರ ಬೀಳತೈತಿ ಬಿಡವಾ” ಅಂದಳು. ಕೆಮ್ಮುತ್ತ ನಗುತ್ತಿದ್ದರು, ನಗುತ್ತ ಕೆಮ್ಮುತ್ತಿದ್ದರು. ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಬುಟ್ಟಿಯ ಪಕ್ಕದಲ್ಲಿ ಬೆಳಗಿನಿಂದ ಮುರಿದ ತೊಟ್ಟು, ಚೂರು, ಪುಡಿಯ ಗುಡ್ಡೆಯಿತ್ತು. ಅದಕ್ಕೆ ಕಿಡಿ ತಗುಲಿತ್ತು. ಉರಿ ಕಾಣಲಿಲ್ಲ. ಒಳಗೊಳಗೇ ಕನಲಿ ಹೊಗೆ ಏಳುತ್ತಿತ್ತು. ಕಣ್ಣು ತೆರೆದರೆ ಯಾರೋ ಕಣ್ಣಿಗೆ ಸೂಜಿ ಚುಚ್ಚಿದಂತೆ. ಉಸಿರೆಳೆದರೆ ಗಂಟಲು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಇಂಥ ಹೊಗೆಯಲ್ಲಿ ಏನೇನಿರುತ್ತದೆ ಎಂದು ನನ್ನ ಪಠ್ಯದಲ್ಲಿತ್ತು. ಅದು ಒಂದೂ ನೆನಪಾಗಲಿಲ್ಲ. ಗೋಡೆ ಎಲ್ಲಿದೆ ಎಂದು ಕೈಯಾಡಿಸುತ್ತಿದ್ದೆ, ಅಷ್ಟೆ.

ಷಟರ್ ಬಡಿಯುತ್ತಿದ್ದರು. ಹೊರಗೆ ಸಾಹುಕಾರರ ತಾಯಿ ಕೆಮ್ಮು ಕೇಳಿ ಕೈ ಮುಗಿದು, “ಚಲೋ ಆತು, ಬಾಳ ಘಾಟ ಬಂತು” ಅಂದರಂತೆ. ಮೇಸ್ತ್ರಿ, “ಕೆಮ್ಮಲಿ ತಗೋರಿ, ಸಾಹೇಬ್ರು ಹೋದಮ್ಯಾಲೆ ತಗದರಾತು” ಅಂದನಂತೆ. ಇದನ್ನು ಅವನೇ ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಳುತ್ತ ಹೇಳಿದ. ಅತಿಥಿಗಳು ಹೊಸ ಕಟ್ಟಡದೊಳಗೆ ಕಾಲಿಟ್ಟ ಕೂಡಲೇ ಧೂಳು ಹೀರುವ ಯಂತ್ರವನ್ನು ಚಾಲೂ ಮಾಡಿದ್ದರು. ಅದರ ಸದ್ದಿನಲ್ಲಿ ನಮ್ಮ ಬಡಿತ ಯಾರಿಗೂ ಕೇಳಿಸಲಿಲ್ಲ.

ದೊಡ್ಡವ್ವ ನನ್ನ ತಲೆಯನ್ನು ಗೋಣಿತಟ್ಟಿಗೆ ಒತ್ತಿ ಎದ್ದಳು. ಕಾಯಿ ಮುರಿದು ಚೂರಾಗಬಾರದೆಂದು ಚಿಮುಕಿಸಲು ಇಟ್ಟ ನೀರಿನ ಕೊಡ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನೆತ್ತಿ ಬುಟ್ಟಿಯ ಮೇಲೂ ಗುಡ್ಡೆಯ ಮೇಲೂ ಬಗ್ಗಿ ಸುರಿದಳು. ಚೊಯ್ ಎಂದು ಬಂದ ಆವಿ, ಹೊಗೆ, ಬೂದಿ ಎಲ್ಲ ಅವಳ ಮುಖಕ್ಕೇ ಬಡಿಯಿತು. ಅವಳು ಹಿಂದೆ ಸರಿಯಲಿಲ್ಲ. ಕಾಲಿನಿಂದ ಗುಡ್ಡೆಯನ್ನು ಕೆದರುತ್ತ, ಉಳಿದ ನೀರು ಸುರಿಯುತ್ತ ಅಲ್ಲೇ ನಿಂತಳು. ಅರೆಗಣ್ಣಿಗೆ ಕಂಡದ್ದು, ಸದ್ದಿನಿಂದ ತಿಳಿದದ್ದು ಇಷ್ಟು. ಅವಳು ಹಾಗೆ ಮಾಡದೆ ನಮ್ಮ ಜೊತೆ ನೆಲಕ್ಕೆ ಮುಖವಿಟ್ಟು ಮಲಗಿದ್ದರೆ ಏನಾಗುತ್ತಿತ್ತು? ಬೆಂಕಿ ರಾಶಿಗೆ ಹಬ್ಬುತ್ತಿತ್ತೇ? ಅಷ್ಟರಲ್ಲಿ ಷಟರ್ ತೆರೆಯುತ್ತಿತ್ತೇ? ನಾನು ಇದನ್ನು ಎಷ್ಟು ಬಗೆಯಲ್ಲಿ ತಿರುಗಿಸಿ ನೋಡಿದ್ದೇನೋ. ಒಂದರಲ್ಲಿ ಎಲ್ಲರೂ ಉಳಿಯುತ್ತಾರೆ. ಒಂದರಲ್ಲಿ ಯಾರೂ ಉಳಿಯುವುದಿಲ್ಲ.

ಮೂತ್ರಕ್ಕೆಂದು ಹಿಂದಕ್ಕೆ ಬಂದ ನಮ್ಮ ಡ್ರೈವರ್ ಷಟರಿನ ಕೆಳಗಿನಿಂದ ಹೊಗೆ ಬರುವುದನ್ನು ಕಂಡು ಕೊಂಡಿ ತೆಗೆದ. ಬೆಳಕಿಗೆ ಬಿದ್ದ ಮೇಲೂ ಯಾರಿಗೂ ಕಣ್ಣು ಬಿಡಲಾಗಲಿಲ್ಲ. ಸಭೆಗೆ ಬಂದ ಕಾರುಗಳಲ್ಲೇ ನಮ್ಮನ್ನು ತುಂಬಿಕೊಂಡು ತಾಲ್ಲೂಕು ಆಸ್ಪತ್ರೆಗೆ ಒಯ್ದರು. ಶ್ವಾಸಕೋಶದ ಬಗ್ಗೆ ಭಾಷಣ ಮಾಡಲು ಬಂದಿದ್ದ ಹುಬ್ಬಳ್ಳಿಯ ಡಾಕ್ಟರು ತಮ್ಮ ಕೋಟು ಬಿಚ್ಚಿ ಎಸೆದು ದೊಡ್ಡವ್ವನನ್ನು ತಾವೇ ಎತ್ತಿಕೊಂಡರು. ಅವಳಿಗೆ ಆಮ್ಲಜನಕ ಹಚ್ಚಿದ ಮೇಲೆ ಸಾಹೇಬರ ಕಡೆ ನೋಡಿ, “ನನ್ನ ಭಾಷಣ ಇಲ್ಲೇ ಆತ್ರಿ” ಅಂದರು. ಉಳಿದವರು ಸಂಜೆಯ ಹೊತ್ತಿಗೆ ಮನೆಗೆ ಹೋಗುವಷ್ಟಾದರು. ದೊಡ್ಡವ್ವನನ್ನು ಹಾವೇರಿಯ ದೊಡ್ಡಾಸ್ಪತ್ರೆಗೆ ಕಳಿಸಿದರು, ಜೊತೆಗೆ ನಾನೂ ಹೋದೆ.

ಸಭೆ ನಡೆಯಿತು. ತಡವಾಗಿ, ಆದರೆ ಅವತ್ತೇ. ಸಾಹೇಬರು ಫೋನ್ ಮಾಡಿ ಮೊದಲು ದೊಡ್ಡವ್ವ ಹೇಗಿದ್ದಾಳೆಂದು ಕೇಳಿದರು. ಆಮೇಲೆ, “ಮೇಡಂ, ಮಂದಿ ಬಂದು ಕುಂತಾರ. ಅಡಗಿ ಆಗೇತಿ. ನಿಲ್ಸಾಕ ನನಗ ಅಧಿಕಾರ ಇಲ್ರಿ” ಅಂದರು. ಅದು ಸುಳ್ಳಲ್ಲ. ಸಾಹುಕಾರರ ಹೆಸರಿನ ಬ್ಯಾನರ್ ಕಟ್ಟಿದ ವೇದಿಕೆಯಲ್ಲಿ ದೀಪ ಬೆಳಗಿದರು. ಮಧ್ಯಾಹ್ನ ಮೂರರ ಸುಮಾರಿಗೆ ಆಸ್ಪತ್ರೆಗೆ ಊಟದ ಡಬ್ಬಿಗಳು ಬಂದವು: ಹೋಳಿಗೆ, ಎಣ್ಣೆಗಾಯಿ, ಜೋಳದ ರೊಟ್ಟಿ, ಅನ್ನ. ಊರಿನಿಂದ ಓಡಿ ಬಂದಿದ್ದ ಅವ್ವ ಬೆಳಗಿನಿಂದ ಏನೂ ತಿಂದಿರಲಿಲ್ಲ. ನಾವಿಬ್ಬರೂ ವಾರ್ಡಿನ ಹೊರಗೆ ಕೂತು ಆ ಊಟ ಮಾಡಿದೆವು. ದೊಡ್ಡವ್ವನೇ ಕೇಳಿ ಕೊಡಿಸಿದ ಊಟ ಅದು ಎಂದು ಅವ್ವನಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ದೊಡ್ಡವ್ವ ಮನೆಗೆ ಬಂದಳು. ಆದರೆ ಬಂದದ್ದು ಕಾಲು ಭಾಗ. ವರ್ಷಗಟ್ಟಲೆ ಕುಡಿದ ಧೂಳಿನಿಂದ ಮೊದಲೇ ಬಾಡಿದ್ದ ಎದೆ, ಅದರ ಮೇಲೆ ಈ ಹೊಗೆ. ಇದು ಪೂರ್ತಿ ವಾಸಿಯಾಗುವುದಲ್ಲ, ಹದ್ದುಬಸ್ತಿನಲ್ಲಿ ಇಡಬೇಕು ಅಷ್ಟೇ ಎಂದು ಡಾಕ್ಟರು ನನಗೆ ಹೇಳಿದರು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಸುರುಳಿ ಸುತ್ತಿದ ಗಾದಿ ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದಳು. ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ನಾನು ಓಡಿ ಕಿಟಕಿ ಮುಚ್ಚುತ್ತಿದ್ದೆ. ಮುಚ್ಚಿದರೆ ಅವಳಿಗೆ ಇನ್ನೂ ಭಯ. “ತಗಿ, ತಗಿ, ಕೆಮ್ಮಿದರ ಕೆಮ್ಮತೇನಿ” ಎಂದು ಕೈ ಬೀಸುತ್ತಿದ್ದಳು. ಕತ್ತಲಾದ ಮೇಲೆ ನಾನು ಅದೇ ಕೋಣೆಯಲ್ಲಿ ಮಲಗಿ ಅವಳ ಎದೆಯ ಸಿಳ್ಳನ್ನು ಆಲಿಸುತ್ತಿದ್ದೆ. ಅದು ಕೇಳಿಸಿದರೆ ನಿದ್ದೆ ಬರುತ್ತಿರಲಿಲ್ಲ. ಕೇಳಿಸದಿದ್ದರೆ ಎದ್ದು ದೀಪ ಹಾಕುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ, “ಇನ್ನಾ ಅದೇನಿ. ಮಲಕ್ಕೋ” ಅನ್ನುತ್ತಿದ್ದಳು.

ಸಾಹುಕಾರರು ಒಂದು ಸಂಜೆ ಮೋಸಂಬಿ ಹಿಡಿದು ಬಂದರು. ಕುರ್ಚಿ ಕೊಟ್ಟರೆ ನೆಲದ ಮೇಲೆಯೇ ಕೂತರು. “ಧೂಳಾಗ ಕುಂತಿರ್ತೀರಿ, ಬಂದವರಿಗೆ ಚಂದ ಕಾಣಂಗಿಲ್ಲ ಅಂತ ಷಟರ್ ಹಾಕು ಅಂದಿದ್ದೆ, ಅಕ್ಕಾ. ಮತ್ತೇನಿರಲಿಲ್ಲ ಮನಸಿನಾಗ.” ದೊಡ್ಡವ್ವ ಬಹಳ ಹೊತ್ತು ಉಸಿರು ಕೂಡಿಸಿಕೊಂಡು, “ನಿಮ್ಮವ್ವಗ ಹೇಳ್ರಿ, ನದರ ಇರಲಿಲ್ಲ ಅಂತ. ಪಾಪ, ಹಿರೇ ಜೀವ, ಕೊರಗ್ತಿರಬೇಕು” ಅಂದಳು. ಆತ ಅತ್ತುಬಿಟ್ಟರು. ನನಗೆ ಆತನ ಮೇಲೆ ಸಿಟ್ಟು ಮಾಡುವುದಕ್ಕೂ ಆಗಲಿಲ್ಲ, ನೀರು ಕೊಡುವುದಕ್ಕೂ ಆಗಲಿಲ್ಲ.

ಮರುವರ್ಷ ಮತ್ತೆ ಆದೇಶ ಬಂತು, ಮತ್ತೆ ಅರ್ಧ ಹಣ ಬಂತು. ಈ ಸಲ ಕೇಳುವ ಮೊದಲೇ ಸಾಹುಕಾರರು ಪೂರ್ತಿ ಖರ್ಚು ತಮ್ಮದೆಂದು ಹೇಳಿ ಕಳಿಸಿದ್ದರು. ತೆಗೆದುಕೊಳ್ಳುವುದೋ ಬಿಡುವುದೋ ಎಂದು ಸಾಹೇಬರು ನನ್ನನ್ನು ಕೇಳಿದರು. ನಾನು ಮನೆಗೆ ಬಂದು ದೊಡ್ಡವ್ವನನ್ನು ಕೇಳಿದೆ. ಅವಳು ಯೋಚಿಸಲೂ ಇಲ್ಲ.

“ತಗೋರಿ. ಯಾಕ ಬಿಡ್ತೀರಿ? ಆದ್ರ ಸಭಾ ಹಾವೇರ್ಯಾಗ ಬ್ಯಾಡ. ಆ ಷೆಡ್ಡಿನಾಗ ಮಾಡ್ರಿ. ಡಾಕ್ಟರ್ರು, ಸಾಹೇಬ್ರು ಎಲ್ಲಾರೂ ನಮ್ಮ ತಟ್ಟಿನ ಮ್ಯಾಲೆ ಕುಂತು ಮಾತಾಡ್ಲಿ. ನಾನೂ ಬರ್ತೇನಿ. ಇಳಕಲ್ ಸೀರಿ ಹಂಗ ಐತಿ.”

ಇದನ್ನು ಹೇಳಿದಾಗ ಸಾಹೇಬರು ಮೊದಲು ತಲೆಯಾಡಿಸಿದರು. ಆಮೇಲೆ ಪೆನ್ನು ತಿರುಗಿಸುತ್ತ, “ಮಾತು ಬರೋಬ್ಬರಿ ಐತ್ರಿ. ಆದ್ರ ಅಲ್ಲಿ ಅತಿಥಿಗಳನ್ನ ಹೆಂಗ ಕುಂದ್ರಸೂದು, ಧೂಳು ಬಾಳ ಇರತೈತಿ...” ಅಂದರು. ತಮ್ಮ ಮಾತು ತಮಗೇ ಕೇಳಿಸಿದಂತೆ ಪೆನ್ನು ಕೆಳಗಿಟ್ಟರು. ನಾನು ಎದ್ದು ಬಂದೆ. ಮೇಲಿನವರಿಗೆ ಅನುಮತಿ ಕೇಳಿ ಅವರೇ ಬರೆದರು. ದಿನಗಳು ಹೋದವು, ಉತ್ತರ ಬರಲಿಲ್ಲ. ದೊಡ್ಡವ್ವ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು: “ಏನಂತ, ಷೆಡ್ಡಿನಾಗ ಮಾಡ್ತಾರಂತ?” ಬರೆದಿದ್ದಾರೆ, ಬರುತ್ತದೆ ಅನ್ನುತ್ತಿದ್ದೆ. ಆಮೇಲಾಮೇಲೆ ಅಷ್ಟು ಉದ್ದದ ಮಾತು ಅವಳಿಂದ ಆಗದಾಯಿತು. ಹುಬ್ಬು ಎತ್ತಿ ನೋಡುತ್ತಿದ್ದಳು, ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ.

ಚಳಿ ಶುರುವಾಗಿ, ಸುಗ್ಗಿಯ ಮೆಣಸಿನಕಾಯಿ ಬ್ಯಾಡಗಿಗೆ ಬರತೊಡಗಿದ ದಿನಗಳಲ್ಲಿ ಅವಳಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಎಳೆದಾಡಿದಳು. ಕೊನೆಯ ದಿನ ಬೆಳಿಗ್ಗೆ ನನ್ನ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಏನೋ ಹೇಳಬಹುದೆಂದು ಬಗ್ಗಿದೆ. ಅವಳ ಶಕ್ತಿಯೆಲ್ಲ ಉಸಿರು ಎಳೆಯುವುದರಲ್ಲೇ ಹೋಗುತ್ತಿತ್ತು, ಮಾತಿಗೆ ಉಳಿಯಲಿಲ್ಲ. ಮಧ್ಯಾಹ್ನದೊಳಗೆ ಕೈ ಕೆಳಗಿನ ಎದೆ ಏಳುವುದು ನಿಂತಿತು.

ಕುಪ್ಪೇಲೂರಿಗೆ ತಂದು ಮಣ್ಣು ಮಾಡಿದೆವು. ಬ್ಯಾಡಗಿಯಿಂದ ಟೆಂಪೋ ಮಾಡಿಕೊಂಡು ಹೆಂಗಸರು ಬಂದಿದ್ದರು. ಕೆಲಸ ಬಿಟ್ಟು ಬಂದವರು, ಸೆರಗಿಗೆ ಕೈಗೆ ಇನ್ನೂ ಕೆಂಪು ಹತ್ತಿತ್ತು. ಸಾಹೇಬರೂ ಬಂದಿದ್ದರು, ಯಾರ ಜೊತೆಯೂ ಮಾತಾಡದೆ, ಮಣ್ಣು ಹಾಕುವ ಸಾಲಿನಲ್ಲಿ ನಿಂತು ಒಂದು ಹಿಡಿ ಹಾಕಿ ಹೋದರು. ಮನೆಗೆ ಬಂದು ಸ್ನಾನ ಮಾಡಿ ನಾನು ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹಾಸಿಕೊಂಡೆ. ಸುತ್ತ ನೆಂಟರು ಮಾತಾಡುತ್ತಿದ್ದರು, ಮಕ್ಕಳು ಅಳುತ್ತಿದ್ದವು, ಯಾರೋ ದನಕ್ಕೆ ಮೇವು ಹಾಕುತ್ತಿದ್ದರು. ಅದರ ನಡುವೆ ಅಭ್ಯಾಸದಂತೆ ಅವಳ ಎದೆಯ ಸಿಳ್ಳಿಗೆ ಕಿವಿ ಕೊಟ್ಟೆ. ಆಲಿಸಬೇಕಾದದ್ದು ಏನೂ ಇರಲಿಲ್ಲ. ಅಷ್ಟು ತಿಳಿದದ್ದು ನೆನಪಿದೆ, ಆಮೇಲೆ ಯಾವಾಗ ನಿದ್ದೆ ಹತ್ತಿತೋ ಗೊತ್ತಿಲ್ಲ.

ಮರುದಿನ ಅವ್ವ ಚಹಾ ತಂದು ಎಬ್ಬಿಸಿದಾಗ ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂದಿತ್ತು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಆ ಷಟರ್ ಬಿದ್ದ ಬೆಳಗಿನಿಂದ ಇದೇ ಮೊದಲು.

“ಎದ್ದು ಮಾರಿ ತೊಳಕೋ ತಂಗಿ” ಅಂದಳು ಅವ್ವ. “ಮಂದಿ ಮಾತಾಡಾಕತ್ತಿದ್ರು, ನಿನಗ ಒಂದೂ ಕೇಳಿಸ್ಲಿಲ್ಲ.”

ನಾನು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಅತ್ತೆ.